ಉಂಗುರದ ಕೆಳಗೆ ಹಸಿರು ಕಲೆ: ತೊಳೆದ್ರೆ ಸಾಕಾ, ಡಾಕ್ಟರ್ ಹತ್ರ ಹೋಗ್ಬೇಕಾ?

ಕೈಯಲ್ಲಿ ಉಂಗುರ ಇರೋರು ಒಮ್ಮೆ ಅದನ್ನ ಸ್ವಲ್ಪ ಸರಿಸಿ ನೋಡಿ. ಕೆಳಗಿನ ಚರ್ಮ ಹಸಿರಾಗಿದೆಯಾ? ಕಪ್ಪಾಗಿದೆಯಾ? ಅಥವಾ ಕೆಂಪಾಗಿ ತುರಿಕೆ ಬರ್ತಿದೆಯಾ? ಈ ಮೂರೂ ಒಂದೇ ಅಂತ ತುಂಬಾ ಜನ ಅಂದ್ಕೊಳ್ತಾರೆ. ಒಂದೇ ಅಲ್ಲ. ಹಸಿರು, ಕಪ್ಪು ಬರೀ ಕಲೆ. ಕೆಂಪಾಗಿ ತುರಿಸೋದು ಅಲರ್ಜಿ ಇರಬಹುದು. ಈ ವ್ಯತ್ಯಾಸ ಗೊತ್ತಿದ್ರೆ ಸುಮ್ಮನೆ ಹೆದರೋದೂ ತಪ್ಪುತ್ತೆ, ಸುಮ್ಮನೆ ಸಹಿಸ್ಕೊಳ್ಳೋದೂ ತಪ್ಪುತ್ತೆ.

ಮೊದಲು ಹಸಿರು. ಇದಕ್ಕೆ ಕಾರಣ ತಾಮ್ರ. ಜಾತ್ರೆಯಲ್ಲಿ ತಗೊಂಡ ಹಿತ್ತಾಳೆ ಬಳೆಯಲ್ಲೂ ತಾಮ್ರ ಇದೆ, ಒನ್ ಗ್ರಾಂ ಗೋಲ್ಡ್ ಸರದ ಲೇಪನದ ಕೆಳಗೂ ಸಾಮಾನ್ಯವಾಗಿ ಇರೋದು ಅದೇ. ಬೆವರಿನ ಉಪ್ಪು, ಆಮ್ಲ ತಾಮ್ರದ ಜೊತೆ ಸೇರಿ ಹಸಿರು ಲವಣ ಆಗುತ್ತೆ. ಹಳೇ ತಾಮ್ರದ ಚೊಂಬಿಗೆ ಕಿಲುಬು ಹಿಡಿಯುತ್ತಲ್ಲ, ಹೆಚ್ಚುಕಮ್ಮಿ ಅದೇ ಕಥೆ.

ಹಾಗಂತ ಕಲೆ ಬಿತ್ತು ಅಂದ ತಕ್ಷಣ ಅಂಗಡಿಯವರು ಮೋಸ ಮಾಡಿದ್ರು ಅನ್ನಬೇಡಿ. ಶುದ್ಧ ಚಿನ್ನ ತುಂಬಾ ಮೆದು, ಅದಕ್ಕೇ ಬೇರೆ ಲೋಹ ಬೆರೆಸ್ತಾರೆ. 916 ಅಂದ್ರೆ ಶೇ 91.6 ಚಿನ್ನ. 18 ಕ್ಯಾರೆಟ್ ಅಂದ್ರೆ ಶೇ 75. ಉಳಿದದ್ದು ಹೆಚ್ಚಾಗಿ ತಾಮ್ರ, ಬೆಳ್ಳಿ. ಅನುಮಾನ ಇದ್ರೆ ಒಡವೆ ಮೇಲಿರೋ 6 ಅಕ್ಷರ-ಅಂಕಿಗಳ ಎಚ್‌ಯುಐಡಿಯನ್ನ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಿ.

ಇನ್ನು ಕಪ್ಪು. ಗಾಳಿಯಲ್ಲಿರೋ ಗಂಧಕದ ಅಂಶ ತಾಗಿ ಬೆಳ್ಳಿಯ ಮೇಲೆ ಸಿಲ್ವರ್ ಸಲ್ಫೈಡ್ ಪದರ ಕೂರುತ್ತೆ. ಕಾಲುಂಗುರ, ಗೆಜ್ಜೆಯಿಂದ ಚರ್ಮಕ್ಕೆ ಅಂಟೋದು ಅದೇ. ಸನ್‌ಸ್ಕ್ರೀನ್‌ನಲ್ಲಿರೋ ಝಿಂಕ್ ಆಕ್ಸೈಡ್‌ನಂಥ ಗಟ್ಟಿ ಕಣಗಳು ಉಜ್ಜಿದಾಗ ಚಿನ್ನದಿಂದಲೂ ಕಪ್ಪು ಪುಡಿ ಉದುರುತ್ತೆ.

ಈ ಎರಡಕ್ಕೂ ಮದ್ದು ಸುಲಭ. ಸೋಪು, ನೀರು ಹಾಕಿ ಮೆತ್ತಗೆ ಉಜ್ಜಿ, ಹೋಗುತ್ತೆ. ಮತ್ತೆ ಬರಬಾರದು ಅಂದ್ರೆ ಒಡವೆ ಒಣಗಿರಬೇಕು. ನಾನು ಪಾತ್ರೆ ತೊಳೆಯುವಾಗ, ಜಿಮ್‌ಗೆ ಹೋಗುವಾಗ ಉಂಗುರ ತೆಗೆದಿಡ್ತೀನಿ. ಕ್ರೀಮ್, ಪರ್ಫ್ಯೂಮ್ ಒಣಗಿದ ಮೇಲೇ ಒಡವೆ ಹಾಕ್ಕೊಳ್ಳಿ. ಫ್ಯಾನ್ಸಿ ಉಂಗುರ ಆದ್ರೆ ಒಳಮೈಗೆ ಬಣ್ಣ ಇಲ್ಲದ ನೇಲ್ ಪಾಲಿಶ್ ಹಚ್ಚಬಹುದು. ಅದು ಸವೆಯುತ್ತೆ, ಆಗಾಗ ಮತ್ತೆ ಹಚ್ಚಬೇಕು.

ಈಗ ಮೂರನೆಯದು. ಕೆಂಪಾಗಿ, ಸಣ್ಣ ಗುಳ್ಳೆ ಎದ್ದು, ತುರಿಸಿ, ನೀರು ಸೋರ್ತಿದ್ರೆ ಅನುಮಾನ ಪಡಬೇಕಾದ್ದು ನಿಕಲ್ ಮೇಲೆ. ಕಾಲೇಜ್ ಫಂಕ್ಷನ್‌ಗೆ ಹಾಕೋ ಜರ್ಮನ್ ಸಿಲ್ವರ್ ಇದೆಯಲ್ಲ, ಅದರಲ್ಲಿ ಬೆಳ್ಳಿ ಇರೋದು ಹೆಸರಲ್ಲಿ ಮಾತ್ರ! ಇರೋದು ತಾಮ್ರ, ನಿಕಲ್, ಸತು. ಹಾಕಿದ ಒಂದೆರಡು ದಿನ ಬಿಟ್ಟು ತುರಿಕೆ ಶುರುವಾಗೋದ್ರಿಂದ ಕಾರಣ ಯಾವುದು ಅಂತ ಹೊಳೆಯೋದೇ ಇಲ್ಲ. ಕಿವಿ ಹಾಲೆ, ವಾಚ್ ಬಕಲ್ ತಾಗೋ ಜಾಗ, ಹೊಕ್ಕಳ ಕೆಳಗೆ ಜೀನ್ಸ್ ಬಟನ್ ತಾಗೋ ಜಾಗ ಗಮನಿಸಿ.

"ಹಾಕ್ಕೊಂಡೇ ಇರು, ಅಭ್ಯಾಸ ಆಗುತ್ತೆ" ಅಂತ ಮನೆಯಲ್ಲಿ ಹೇಳ್ತಾರೆ. ದಯವಿಟ್ಟು ಕೇಳಬೇಡಿ. ನಿಕಲ್ ಅಲರ್ಜಿ ಒಮ್ಮೆ ಬಂದ್ರೆ ಸಾಮಾನ್ಯವಾಗಿ ಜೀವನಪೂರ್ತಿ ಇರುತ್ತೆ. ನೇಲ್ ಪಾಲಿಶನ್ನೂ ಇಲ್ಲಿ ನಂಬಬೇಡಿ. ಒಡವೆ ತೆಗೆದುಬಿಡಿ, ಚರ್ಮದ ಡಾಕ್ಟರನ್ನ ಕಾಣಿ. ಪ್ಯಾಚ್ ಟೆಸ್ಟ್ ಮಾಡಿದ್ರೆ ಯಾವ ಲೋಹ ಅಂತ ಗೊತ್ತಾಗುತ್ತೆ. ಕಿವಿ ಚುಚ್ಚಿಸೋದು ಈ ಅಲರ್ಜಿ ಶುರುವಾಗೋ ದೊಡ್ಡ ದಾರಿ. ಐರೋಪ್ಯ ಒಕ್ಕೂಟ 1994ರಲ್ಲೇ ಒಡವೆಯ ನಿಕಲ್‌ಗೆ ಮಿತಿ ಹಾಕಿದ್ದು ಇದಕ್ಕೇ. ಹಾಗಾಗಿ ಮೊದಲ ಓಲೆಯಲ್ಲಿ ಉಳಿತಾಯ ಬೇಡ. 22 ಕ್ಯಾರೆಟ್ ಚಿನ್ನ ಅಥವಾ ಟೈಟಾನಿಯಂ ಇರಲಿ.

ನೆನಪಿಡಿ: ಬಣ್ಣ ಅಂಟಿದ್ರೆ ತೊಳೀರಿ, ತುರಿಸಿದ್ರೆ ತೆಗೀರಿ. ಮುಂದಿನ ಸಂಚಿಕೆಯಲ್ಲಿ ಸಿಗ್ತೀನಿ.