ನಿಮಗಿದು ಗೊತ್ತೇ? ಪಿಪ್‌ಗೂ ಆಪ್ಟ್‌ಗೂ ತಿಕ್ಕಾಟ ಬಂದಾಗ

● ಜಹೀರಾಬಾದ್, ನಾರಾಯಣಖೇಡ 1956ರ ನವೆಂಬರ್ 1ಕ್ಕೆ ಮುಂಚೆ ಬೀದರ್ ಜಿಲ್ಲೆಯಲ್ಲಿದ್ದವು, ತಾಂಡೂರು ಗುಲ್ಬರ್ಗ ಜಿಲ್ಲೆಯಲ್ಲಿತ್ತು. ಈಗ ಅವು ತೆಲಂಗಾಣದಲ್ಲಿವೆ. ಇಂದಿಗೂ ಅಲ್ಲಿನ ಕನ್ನಡಿಗರ ಕಂಪ್ಯೂಟರಿಗೆ ಕನ್ನಡ, ತೆಲುಗು ಎರಡೂ ಬೇಕು. ಯೂನಿಕೋಡ್‌ನಲ್ಲಿ ಈ ಎರಡು ಲಿಪಿಗಳು ಅಕ್ಕಪಕ್ಕದಲ್ಲೇ ಇವೆ. ತಲಾ 128 ಸ್ಥಾನ. ಉಬುಂಟುವಿನಲ್ಲಿ ಲೋಹಿತ್ ಕನ್ನಡ, ಲೋಹಿತ್ ತೆಲುಗು ಫಾಂಟುಗಳು ಬೇರೆ ಬೇರೆ ಪ್ಯಾಕೇಜ್ ಆಗಿರುವುದರಿಂದ ಒಂದು ಹಾಕಿದರೆ ಇನ್ನೊಂದಕ್ಕೆ ಧಕ್ಕೆಯಿಲ್ಲ.

● ಧಕ್ಕೆಯಾಗುವುದು ಪೈಥಾನ್ ಲೈಬ್ರರಿಗಳಲ್ಲಿ. ಉಬುಂಟುವಿನ ಎಷ್ಟೋ ಉಪಕರಣಗಳು ಪೈಥಾನ್‌ನಲ್ಲೇ ಬರೆದವು. ಅವುಗಳ ಲೈಬ್ರರಿಗಳನ್ನು ನೋಡಿಕೊಳ್ಳುವುದು ಉಬುಂಟುವಿನ ಪ್ಯಾಕೇಜ್ ವ್ಯವಸ್ಥಾಪಕ ಆಪ್ಟ್. ಪಿಪ್ ಪೈಥಾನ್‌ನದೇ ಲೈಬ್ರರಿ ಹಾಕುವ ಸಾಧನ. ನೀವು ‘ಸುಡೋ ಪಿಪ್ ಇನ್‌ಸ್ಟಾಲ್’ ಕೊಟ್ಟರೆ ಅದೇ ಲೈಬ್ರರಿಯ ಬೇರೊಂದು ಆವೃತ್ತಿ ಬಂದು ಕೂರುತ್ತದೆ. ಆಪ್ಟ್‌ಗೆ ಅದರ ಸುಳಿವೇ ಇರುವುದಿಲ್ಲ. ಹಳೆಯ ಆವೃತ್ತಿಯನ್ನು ನಂಬಿದ್ದ ಉಪಕರಣ ಕೈಕೊಡಬಹುದು.

● ಇದನ್ನು ತಡೆಯಲೆಂದೇ 2023ರಲ್ಲಿ ಬಂದ ಡೆಬಿಯನ್ 12, ಉಬುಂಟು 23.04ರಿಂದ ಪಿಪ್ ಈ ಕೆಲಸಕ್ಕೆ ಒಪ್ಪುವುದೇ ಇಲ್ಲ. ‘ಎಕ್ಸ್‌ಟರ್ನಲಿ ಮ್ಯಾನೇಜ್ಡ್ ಎನ್ವಿರಾನ್‌ಮೆಂಟ್’ ಎಂದು ನಿಂತುಬಿಡುತ್ತದೆ. ‘ಬ್ರೇಕ್ ಸಿಸ್ಟಮ್ ಪ್ಯಾಕೇಜಸ್’ ಎಂಬ ಆಯ್ಕೆ ಸೇರಿಸಿದರೆ ಮುಂದೆ ಹೋಗಬಹುದು ನಿಜ. ಆದರೆ ಹೆಸರೇ ಹೇಳುವಂತೆ, ಕೆಡುವುದು ವ್ಯವಸ್ಥೆಯೇ. ಮನೆಯಲ್ಲಿ ಇರುವುದೊಂದೇ ಲ್ಯಾಪ್‌ಟಾಪ್ ಆದರೆ ಆ ದಾರಿ ಹಿಡಿಯಲೇಬೇಡಿ.

● ಸರಿಯಾದ ದಾರಿ ‘ವೆನ್ವ್’. ಪ್ರತಿ ಕೆಲಸಕ್ಕೂ ಪ್ರತ್ಯೇಕ ಫೋಲ್ಡರ್, ಅದರೊಳಗೇ ಅದರ ಲೈಬ್ರರಿಗಳು. ಕನ್ನಡ, ತೆಲುಗು ಬೆರೆತ ಹಳೆಯ ಮುದ್ರಿತ ಪುಟಗಳನ್ನು ಕಂಪ್ಯೂಟರಿನಿಂದ ಓದಿಸಬೇಕೆನ್ನಿ. ಟೆಸರಾಕ್ಟ್ ತಂತ್ರಾಂಶವನ್ನೂ ಅದರ ಎರಡು ಭಾಷಾ ಪ್ಯಾಕೇಜ್‌ಗಳನ್ನೂ ಆಪ್ಟ್‌ನಿಂದ ಹಾಕಿ. ಅದನ್ನು ಪೈಥಾನ್‌ನಿಂದ ಕರೆಯುವ ಪೈಟೆಸರಾಕ್ಟ್ ಅನ್ನು ಮಾತ್ರ ವೆನ್ವ್ ಒಳಗೆ ಪಿಪ್‌ನಿಂದ ಹಾಕಿ. ಟೆಸರಾಕ್ಟ್ ಎರಡು ಭಾಷೆಗಳನ್ನು ಒಟ್ಟಿಗೇ ಓದಬಲ್ಲದು. ಏನಾದರೂ ಕೆಟ್ಟರೆ ಆ ಫೋಲ್ಡರ್ ಅಳಿಸಿ ಹೊಸದಾಗಿ ಮಾಡಿದರಾಯಿತು, ಉಬುಂಟುವಿಗೆ ಏನೂ ಆಗದು.

● ಇಂಥ ತಿಕ್ಕಾಟ ಪೈಥಾನ್‌ಗೆ ಮಾತ್ರ ಸೀಮಿತವಲ್ಲ. ಉಬುಂಟು 22.04ರಲ್ಲಿ ಎನ್‌ಕ್ರಿಪ್ಶನ್ ಲೈಬ್ರರಿ ಓಪನ್‌ಎಸ್‌ಎಸ್‌ಎಲ್ 3 ಬಂದಾಗ 1.1 ಬೇಡುವ ಹಳೆಯ ತಂತ್ರಾಂಶಗಳು ನಿಂತುಹೋದವು. ಹೊಸ ಲೈಬ್ರರಿಗೆ ಹಳೆಯ ಹೆಸರಿನ ಲಿಂಕ್ ಹಾಕುವುದು ಪರಿಹಾರವಲ್ಲ, ಒಳಗಿನ ರಚನೆಯೇ ಬೇರೆ.

● ಹಾಗೆಯೇ ಮೂಲಸಂಕೇತದಿಂದ ‘ಮೇಕ್ ಇನ್‌ಸ್ಟಾಲ್’ ಮಾಡಿದ್ದು, ಆಪ್ಟ್‌ನ ಹಿಂದೆ ಕೆಲಸ ಮಾಡುವ ಡಿಪಿಕೆಜಿಯ ಲೆಕ್ಕಕ್ಕೇ ಬರುವುದಿಲ್ಲ.

● ಹೆಸರಾಂತ ಯೂಟ್ಯೂಬರ್ ಲೈನಸ್ ಸೆಬಾಸ್ಟಿಯನ್ 2021ರಲ್ಲಿ ಉಬುಂಟು ಆಧಾರಿತ ಪಾಪ್ ಓಎಸ್‌ನಲ್ಲಿ ಆಟಗಳ ತಂತ್ರಾಂಶ ‘ಸ್ಟೀಮ್’ ಹಾಕಲು ಹೋದರು. ಪ್ಯಾಕೇಜ್‌ಗಳ ತಿಕ್ಕಾಟದಿಂದ ಡೆಸ್ಕ್‌ಟಾಪ್ ಇಡೀ ಅಳಿಸಿಹೋಯಿತು. ಏನೇನು ತೆಗೆಯುತ್ತೇನೆಂದು ಆಪ್ಟ್ ಮೊದಲೇ ಪಟ್ಟಿ ತೋರಿಸಿತ್ತು. ‘ಯೆಸ್, ಡೂ ಆಸ್ ಐ ಸೇ’ ಎಂದು ಟೈಪ್ ಮಾಡಿಸಿಕೊಂಡೇ ಮುಂದುವರಿದಿತ್ತು.

● ಆದ್ದರಿಂದ ‘ವೈ’ ಒತ್ತುವ ಮೊದಲು, ತೆಗೆದುಹಾಕಲಿರುವ ಪ್ಯಾಕೇಜ್‌ಗಳ ಸಾಲನ್ನು ಪೂರ್ತಿ ಓದಿ. ಅದರಲ್ಲಿ ಡೆಸ್ಕ್‌ಟಾಪ್ ಅಥವಾ ಪೈಥಾನ್3 ಹೆಸರು ಕಂಡರೆ ‘ಎನ್’ ಒತ್ತಿ.