ಫೋಟೊಗಳಿಗೂ ಬೇಕು ಡಬ್ಬಿ, ಚೀಟಿ

ಯಾವ ಡಬ್ಬಿಯಲ್ಲಿ ಧನಿಯ, ಯಾವುದರಲ್ಲಿ ಜೀರಿಗೆ ಎಂದು ಕರೆಂಟು ಹೋದಾಗಲೂ ಹೇಳಬಲ್ಲ ಗೃಹಿಣಿಯರು ನಾವು. ಆದರೆ ಮನೆಯ ಫೋಟೊಗಳ ವಿಷಯ? ಫೋನಿನಲ್ಲಿ ಸಾವಿರ, ಕಂಪ್ಯೂಟರಿನಲ್ಲಿ ಇನ್ನಷ್ಟು ಸಾವಿರ. ಬೇಕಾದ ಒಂದು ಮಾತ್ರ ಕೈಗೆ ಸಿಗದು!

ಸಕಲೇಶಪುರ ತಾಲ್ಲೂಕಿನ ವನಗೂರಿನಂಥ ಊರುಗಳಲ್ಲಿ ಮಳೆಗಾಲ ಬಂತೆಂದರೆ ಗೋಡೆಯ ಫೋಟೊಗೂ ಬೂಷ್ಟು. ಹಳೆಯ ಆಲ್ಬಮ್ಮಿನ ಹಾಳೆಗಳು ಒಂದಕ್ಕೊಂದು ಅಂಟಿಕೊಂಡು ಬಿಡಿಸಲು ಹೋದರೆ ಮುಖವೇ ಕಿತ್ತು ಬರುತ್ತದೆ. ಅದಕ್ಕೇ ಈಗಿನ ಮಕ್ಕಳು ಅವನ್ನು ಸ್ಕ್ಯಾನ್ ಮಾಡಿ, ಕಂಪ್ಯೂಟರಿನಲ್ಲಿ ಕಲೆ ತೆಗೆದು ಇಡುತ್ತಾರೆ. ಒಳ್ಳೆಯದೇ. ತೊಡಕು ಬರುವುದು ಆಮೇಲೆ.

ಹಿರಿಯರೊಬ್ಬರು ತೀರಿಕೊಂಡರೆನ್ನಿ. ತಿಥಿಯ ಹೊತ್ತಿಗೆ ದೊಡ್ಡ ಫೋಟೊ ಬೇಕು. ಹುಡುಕಿದರೆ ಸಿಗುವುದು ವಾಟ್ಸಾಪಿನಲ್ಲಿ ಬಂದ ಚಿಕ್ಕ ಪ್ರತಿ, ಉದ್ದ 1600 ಪಿಕ್ಸೆಲ್ ಆಸುಪಾಸು. 8×12 ಅಂಗುಲದ ಫೋಟೊ ಸ್ಫುಟವಾಗಿ ಬರಲು ಅಂಗುಲಕ್ಕೆ 300ರಂತೆ 2400×3600 ಬೇಕು. ಸ್ಟುಡಿಯೋದವರು ತಾನೇ ಏನು ಮಾಡಿಯಾರು? ಮಸುಕು ಮುಖವೇ ಗೋಡೆ ಏರುತ್ತದೆ. ಒಳ್ಳೆಯ ಪ್ರತಿ ಅದೇ ಕಂಪ್ಯೂಟರಿನಲ್ಲಿ ಎಲ್ಲೋ ಅಡಗಿರುತ್ತದೆ.

ಹೀಗೇಕೆ? ಡಾರ್ಕ್‌ಟೇಬಲ್, ಲೈಟ್‌ರೂಮ್‌ನಂಥ ಫೋಟೊ ತಿದ್ದುವ ತಂತ್ರಾಂಶಗಳು ಮೂಲ ಫೋಟೊವನ್ನು ಮುಟ್ಟುವುದೇ ಇಲ್ಲ. ದರ್ಜಿ ಅಳತೆ ರವಿಕೆಗೆ ಕತ್ತರಿ ಹಾಕುತ್ತಾನೆಯೇ? ಅದನ್ನು ಪಕ್ಕಕ್ಕಿಟ್ಟುಕೊಂಡು ಹೊಸದನ್ನು ಹೊಲಿಯುತ್ತಾನೆ. ಇಲ್ಲಿಯೂ ಹಾಗೇ. 'ಎಕ್ಸ್‌ಪೋರ್ಟ್' ಒತ್ತಿದಾಗ ತಿದ್ದಿದ ಹೊಸ ಪ್ರತಿ ತಯಾರಾಗುತ್ತದೆ. ಅದು ಎಲ್ಲಿಗೆ ಹೋಗಬೇಕೆಂದು ನಾವು ಹೇಳದಿದ್ದರೆ ತನಗೆ ತೋಚಿದಲ್ಲಿಗೆ ಹೋಗುತ್ತದೆ. ಡಾರ್ಕ್‌ಟೇಬಲ್ (ಇದಕ್ಕೆ ಕಾಸು ಕೊಡಬೇಕಾಗಿಲ್ಲ) ಮೂಲ ಫೋಟೊ ಇರುವ ಜಾಗದಲ್ಲೇ 'ಡಾರ್ಕ್‌ಟೇಬಲ್ ಎಕ್ಸ್‌ಪೋರ್ಟೆಡ್' ಎಂಬ ಫೋಲ್ಡರ್ ಮಾಡಿ ತುಂಬುತ್ತದೆ. ಮತ್ತೆ ಒತ್ತಿದಿರೋ, ಹೆಸರಿನ ಕೊನೆಗೆ ಅಂಕಿ ಸೇರಿಸಿಕೊಂಡು ಇನ್ನೊಂದು ಪ್ರತಿ!

ಆದ್ದರಿಂದ ಸಂದರ್ಭಕ್ಕೊಂದು ಫೋಲ್ಡರ್ ಮಾಡಿ. ಹೆಸರಿನಲ್ಲಿ ವರ್ಷ ಮೊದಲು, ತಿಂಗಳು ಆಮೇಲೆ: '2025-04 ಸುಗ್ಗಿ'. ಬರೀ 4 ಎನ್ನದೆ 04 ಎಂದೇ ಬರೆಯಿರಿ. ಇಲ್ಲವಾದರೆ ಕೆಲವು ಕಂಪ್ಯೂಟರುಗಳು 10ನೇ ತಿಂಗಳನ್ನು 4ಕ್ಕಿಂತ ಮುಂದೆ ಕೂರಿಸುತ್ತವೆ. ಒಳಗೆ ಮೂರು ಚಿಕ್ಕ ಫೋಲ್ಡರ್ ಸಾಕು: ಮೂಲ, ಪ್ರಿಂಟಿಗೆ, ವಾಟ್ಸಾಪಿಗೆ. ಪ್ರಿಂಟಿಗೆ ಪೂರ್ತಿ ಗಾತ್ರದಲ್ಲಿ ಎಕ್ಸ್‌ಪೋರ್ಟ್ ಮಾಡಿ, ವಾಟ್ಸಾಪಿಗೆ ಚಿಕ್ಕದಾಗಿ. ದೂರದಲ್ಲಿರುವ ತಂಗಿಗೆ ಪ್ರಿಂಟ್ ಹಾಕಿಸಲೆಂದೇ ಕಳಿಸುವುದಾದರೆ ವಾಟ್ಸಾಪಿನಲ್ಲಿ 'ಡಾಕ್ಯುಮೆಂಟ್' ಆಗಿ ಕಳಿಸಿ, ಗಾತ್ರ ಕುಗ್ಗುವುದಿಲ್ಲ.

ಒಂದು ಎಚ್ಚರಿಕೆ. ಫೋಲ್ಡರ್ ಜೋಡಿಸುವ ಕೆಲಸ ಮೊದಲು, ತಿದ್ದುವುದು ಆಮೇಲೆ. ತಿದ್ದಿದ ಮೇಲೆ ಮೂಲ ಫೋಟೊವನ್ನು ಹೊರಗಿನಿಂದ ಬೇರೆಡೆಗೆ ಸರಿಸಿದರೆ ತಂತ್ರಾಂಶಕ್ಕೆ ಅದು ಸಿಗುವುದಿಲ್ಲ. ಡಾರ್ಕ್‌ಟೇಬಲ್ ಅಂತೂ ಆ ಜಾಗದಲ್ಲಿ ತಲೆಬುರುಡೆಯ ಚಿತ್ರ ತೋರಿಸಿ ಹೆದರಿಸುತ್ತದೆ! ಸರಿಸಲೇಬೇಕಾದರೆ ತಂತ್ರಾಂಶದ ಒಳಗಿನಿಂದಲೇ ಸರಿಸಿ.

ಫೋನಿನಲ್ಲಿ ತೆಗೆದ ಫೋಟೊದೊಳಗೆ ತೆಗೆದ ದಿನ ಬರೆದುಕೊಂಡಿರುತ್ತದೆ. ಸ್ಕ್ಯಾನ್ ಮಾಡಿದ ಹಳೆಯ ಫೋಟೊಗೆ ಆ ಅನುಕೂಲ ಇಲ್ಲ. ಇದ್ದರೂ ಅದು ಸ್ಕ್ಯಾನ್ ಮಾಡಿದ ದಿನ. ಅಜ್ಜಿಯ ಮದುವೆ 1968ರಲ್ಲಿ ಎಂಬುದು ಕಂಪ್ಯೂಟರಿಗೆ ಹೇಗೆ ಗೊತ್ತಾಗಬೇಕು? ಫೋಲ್ಡರಿನ ಮೇಲೆ ನಾವೇ ಬರೆಯಬೇಕು. ವರ್ಷ ಖಚಿತವಿಲ್ಲದಿದ್ದರೆ '1960ರ ದಶಕ' ಎಂದರೂ ನಡೆದೀತು. ಹಿಂದಿನ ಸಾಲಿನಲ್ಲಿ ಅರ್ಧ ಮುಖ ಕಾಣುವ ಹುಡುಗಿ ಯಾರು, ಮಗು ಎತ್ತಿಕೊಂಡವರು ಯಾರ ಕಡೆಯವರು ಎಂಬುದು ಅತ್ತೆಯವರಿಗೆ ಮಾತ್ರ ನೆನಪಿರುತ್ತದೆ. ಮಧ್ಯಾಹ್ನ ಕಾಫಿ ಕೊಟ್ಟು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ, ಹೆಸರುಗಳನ್ನು ಅಲ್ಲೇ ಟೈಪ್ ಮಾಡಿ. ದಿನಕ್ಕೆ ಹತ್ತು ಫೋಟೊ ಆದರೆ ಸಾಕು, ಅವರಿಗೂ ಆಯಾಸವಾಗದು.

ಎಲ್ಲ ಆದ ಮೇಲೆ ಪೂರ್ತಿ ಫೋಲ್ಡರುಗಳ ಇನ್ನೊಂದು ಪ್ರತಿಯನ್ನು ಹಾರ್ಡ್‌ಡಿಸ್ಕಿಗೆ ಹಾಕಿ, ತೇವ ತಾಗದ ಡಬ್ಬಿಯಲ್ಲಿ ಹಾಸನದಲ್ಲೋ ಬೆಂಗಳೂರಿನಲ್ಲೋ ಇರುವ ನಂಟರ ಮನೆಯಲ್ಲಿಡಿ. ಡಬ್ಬಿಯ ಮೇಲೆ ಚೀಟಿ ಅಂಟಿಸುವುದನ್ನು ಮಾತ್ರ ಮರೆಯಬೇಡಿ.