ಸ್ಟಾರ್ ಎಣಿಸುವ ಮೊದಲು ತಾಸು ಎಣಿಸಿ

ಮಾರ್ಚ್ ಮುಗಿಯುತ್ತ ಬಂದರೆ ಬೆಳಗಾವಿಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಟಿವಿಗಳು ಹಿಂದಕ್ಕೆ ಸರಿದು ಎಸಿಗಳು ಮುಂದಕ್ಕೆ ಬರುತ್ತವೆ. ಕೊಳ್ಳಲು ಬಂದವರು ಕೇಳುವ ಮೊದಲ ಪ್ರಶ್ನೆ, ಎಷ್ಟು ಸ್ಟಾರ್? ಎರಡನೆಯದು, ಎಷ್ಟು ಟನ್? ಎರಡೂ ಸರಿಯಾದ ಪ್ರಶ್ನೆಗಳೇ, ಆದರೆ ಇವಕ್ಕಿಂತ ಮೊದಲು ಕೇಳಬೇಕಾದ್ದು ಇನ್ನೊಂದಿದೆ. ಅದನ್ನು ಅಂಗಡಿಯವರನ್ನಲ್ಲ, ಮನೆಯವರನ್ನೇ ಕೇಳಬೇಕು: ಈ ಯಂತ್ರ ವರ್ಷಕ್ಕೆ ಎಷ್ಟು ತಾಸು ಓಡೀತು? ಎಸಿಯ ಮುಖದ ಮೇಲೆ ಅಂಟಿಸಿದ ಸ್ಟಾರ್ ಚೀಟಿಯಲ್ಲಿ ವರ್ಷಕ್ಕೆ ಇಷ್ಟು ಯೂನಿಟ್ ಎಂದು ಬರೆದಿರುತ್ತದಲ್ಲ, ಆ ಲೆಕ್ಕ 1600 ತಾಸಿನ ಬಳಕೆಯದು. ಹೊರಗಿನ ಉಷ್ಣತೆ 24ರಿಂದ 43 ಡಿಗ್ರಿಯವರೆಗೆ ಏರಿಳಿಯುತ್ತದೆ ಎಂದು ಹಿಡಿದು, ಇಡೀ ದೇಶಕ್ಕೆ ಒಂದೇ ಅಳತೆಯಲ್ಲಿ ಹೊಲಿದ ಅಂಗಿ ಅದು. ನಾಗಪುರಕ್ಕೆ ಸರಿಹೊಂದಬಹುದು, ಕಲಬುರಗಿಗೂ ಹೊಂದೀತು. ಬೆಳಗಾವಿಗೆ ಮಾತ್ರ ಅದರ ತೋಳು ಮೊಳದುದ್ದ ಹೆಚ್ಚು.

ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿರುವ ಈ ಊರಿನಲ್ಲಿ ಏಪ್ರಿಲ್ ಹಗಲಿನ ಗರಿಷ್ಠ ಉಷ್ಣತೆ ಸರಾಸರಿ 36ರ ಆಸುಪಾಸು. ನಸುಕಿಗೆ ಅದು 20ರ ಹತ್ತಿರಕ್ಕೆ ಇಳಿಯುತ್ತದೆ. ಮೇ ನಡುವಿಗೆ ಪಡುವಣ ಗಾಳಿ ಬಲಗೊಂಡು, ಮೋಡ ಕವಿದು, ಸಂಜೆಯ ಗುಡುಗುಮಳೆ ಶುರುವಾದರೆ ಹಗಲೂ ತುಸು ತಣ್ಣಗಾಗುತ್ತದೆ. ಜೂನ್‌ನಲ್ಲಿ ಎಸಿಯ ರಿಮೋಟ್ ಎಲ್ಲಿಟ್ಟಿದ್ದೇವೆಂಬುದೇ ಮರೆತುಹೋಗುತ್ತದೆ. ಎಣಿಸಿದರೆ ನಿಜವಾದ ಸೆಕೆಯ ರಾತ್ರಿಗಳು ಎಪ್ಪತ್ತು-ಎಂಬತ್ತು. ದಿನಕ್ಕೆ ಐದಾರು ತಾಸು ಎಂದರೂ ವರ್ಷಕ್ಕೆ 450 ತಾಸಿನ ಸುತ್ತಮುತ್ತ, ಅಂದರೆ ಚೀಟಿಯ ಲೆಕ್ಕದ ಮೂರನೇ ಒಂದಕ್ಕಿಂತಲೂ ಕಡಿಮೆ. ಒಂದೂವರೆ ಟನ್ನಿನ ಇನ್ವರ್ಟರ್ ಎಸಿಯಲ್ಲಿ ತ್ರೀ ಸ್ಟಾರ್ ವರ್ಷಕ್ಕೆ ಸಾವಿರದ ಹತ್ತಿರ, ಫೈವ್ ಸ್ಟಾರ್ 780ರ ಹತ್ತಿರ ಯೂನಿಟ್ ಎಂದು ಹಿಡಿಯೋಣ. ಚೀಟಿಯ ಪ್ರಕಾರ ಉಳಿತಾಯ 220 ಯೂನಿಟ್. ಬೆಳಗಾವಿಯ ತಾಸಿಗೆ ಇಳಿಸಿದರೆ ಉಳಿಯುವುದು 62. ತೆರಿಗೆ ಸೇರಿ ಯೂನಿಟ್ಟಿಗೆ ಏಳು ರೂಪಾಯಿ ಎಂದರೂ ವರ್ಷಕ್ಕೆ 430 ರೂಪಾಯಿ ಚಿಲ್ಲರೆ. ಫೈವ್ ಸ್ಟಾರ್‌ಗೆ ಎಂಟು ಸಾವಿರ ಹೆಚ್ಚು ಕೊಟ್ಟಿದ್ದರೆ ಆ ದುಡ್ಡು ತಿರುಗಿ ಬರಲು ಹದಿನೆಂಟು ವರ್ಷ ಬೇಕು. ಅಷ್ಟು ಕಾಲ ಬಾಳುವ ಎಸಿ ಅಪರೂಪ. ಸಾಮಾನ್ಯ ಬೆಳಗಾವಿ ಮನೆಯ ಮಲಗುವ ಕೋಣೆಗೆ ತ್ರೀ ಸ್ಟಾರ್ ಇನ್ವರ್ಟರ್ ಸಾಕು ಎನ್ನುವುದು ಜಿಪುಣತನದ ಮಾತಲ್ಲ, ಬರೀ ಭಾಗಾಕಾರ.

ಇದಕ್ಕೆ ಗಟ್ಟಿ ಆಕ್ಷೇಪವೊಂದಿದೆ, ರಾಜ್ಯ ಸರ್ಕಾರದ ಉಚಿತ ವಿದ್ಯುತ್ ಯೋಜನೆಯಾದ ಗೃಹಜ್ಯೋತಿಯದು. 200 ಯೂನಿಟ್ ಒಳಗಿದ್ದರೆ ಮನೆಯ ಹಳೆಯ ಸರಾಸರಿಗಿಂತ ಹೆಚ್ಚಾದಷ್ಟಕ್ಕೆ ಮಾತ್ರ ದುಡ್ಡು, 200 ದಾಟಿತೋ ಆ ತಿಂಗಳು ಪೂರ್ತಿ ಬಿಲ್ಲು. ಎಸಿ ಇಲ್ಲದೆ 110 ಯೂನಿಟ್ ಸುಡುವ ಮನೆಯಲ್ಲಿ ಏಪ್ರಿಲ್ ತಿಂಗಳಿಡೀ ರಾತ್ರಿ ಆರು ತಾಸು ತ್ರೀ ಸ್ಟಾರ್ ಓಡಿದರೆ ಸುಮಾರು 112 ಯೂನಿಟ್ ಸೇರಿ ಮೊತ್ತ 222 ಆಗುತ್ತದೆ. ಫೈವ್ ಸ್ಟಾರ್ ಆದರೆ 198ಕ್ಕೆ ನಿಲ್ಲುತ್ತದೆ. ಈ ಮನೆಯ ಮಟ್ಟಿಗೆ ಎರಡು ಸ್ಟಾರ್‌ಗಳ ಬೆಲೆ ನಿಜಕ್ಕೂ ದೊಡ್ಡದು, ಒಪ್ಪಬೇಕಾದ್ದೇ. ಆದರೆ ಅದೇ ತ್ರೀ ಸ್ಟಾರ್‌ಗೆ ನಾಲ್ಕು ತಾಸಿನ ಟೈಮರ್ ಇಟ್ಟರೆ ಮೊತ್ತ 185ಕ್ಕೆ ಇಳಿಯುತ್ತದೆ. ರಾತ್ರಿ ಹನ್ನೊಂದಕ್ಕೆ ಶುರುಮಾಡಿದ ಎಸಿ ಮೂರಕ್ಕೆ ತಾನೇ ನಿಂತರೆ, ಕಿಟಕಿಯಾಚೆ ಅದಕ್ಕಿಂತ ತಣ್ಣನೆಯ ಗಾಳಿ ಪುಕ್ಕಟೆ ಬೀಸುತ್ತಿರುತ್ತದೆ. ರಾಯಚೂರಿನಲ್ಲಿ ಈ ಉಪಾಯ ನಡೆಯದು, ಬೆಳಗಾವಿಯಲ್ಲಿ ನಡೆಯುತ್ತದೆ. ಹಾಸಿಗೆ ಹಿಡಿದ ಹಿರಿಯರಿರುವ ಮನೆ, ಹಗಲೆಲ್ಲ ಮನೆಯಿಂದಲೇ ಕಚೇರಿ ಕೆಲಸ ಮಾಡುವವರ ಮನೆ, ಇವುಗಳ ಮಾತು ಬೇರೆ. ಅಲ್ಲಿ ತಾಸು ಸಾವಿರ ದಾಟುತ್ತದೆ. ಅಂಥವರು ಕಣ್ಮುಚ್ಚಿ ಫೈವ್ ಸ್ಟಾರ್ ತರಬಹುದು.

ಇನ್ನು ಟನ್ನಿನ ವಿಷಯ. ಒಂದು ಟನ್ ಎಂದರೆ ತಾಸಿಗೆ 12,000 ಬಿಟಿಯು, ಸುಮಾರು ಮೂರೂವರೆ ಕಿಲೋವ್ಯಾಟ್‌ನಷ್ಟು ಶಾಖವನ್ನು ಕೋಣೆಯಿಂದ ಹೊತ್ತು ಹೊರಹಾಕುವ ಶಕ್ತಿ. ಈ ಶಕ್ತಿಯನ್ನು ಅಳೆಯುವುದು ಹೊರಗೆ 35 ಡಿಗ್ರಿ ಇಟ್ಟುಕೊಂಡು. ಅದು ಹೆಚ್ಚುಕಡಿಮೆ ಬೆಳಗಾವಿಯ ಏಪ್ರಿಲ್ ಮಧ್ಯಾಹ್ನವೇ! 43 ಡಿಗ್ರಿಯ ಊರುಗಳಲ್ಲಿ ಯಂತ್ರದ ಶಕ್ತಿ ಕುಗ್ಗುತ್ತದೆ, ಅಲ್ಲಿ ಅರ್ಧ ಟನ್ ಹೆಚ್ಚು ಕೊಳ್ಳುವುದರಲ್ಲಿ ಅರ್ಥವಿದೆ. ಇಲ್ಲಿ ಪೆಟ್ಟಿಗೆಯ ಮೇಲೆ ಬರೆದಷ್ಟು ಪೂರಾ ಸಿಗುತ್ತದೆ. ಹತ್ತು-ಹನ್ನೆರಡು ಅಡಿಯ ಕೋಣೆಗೆ ಒಂದು ಟನ್ ಸಾಕು. ಹಾಗಾದರೆ ಮಹಾಂತೇಶ ನಗರದ, ಅನಗೋಳದ ಮೇಲ್ಮಹಡಿಯವರು ಒಂದು ಟನ್ ಸಾಲುವುದಿಲ್ಲ ಎಂದು ಗೊಣಗುವುದೇಕೆ? ಅವರನ್ನು ಕಾಡುವುದು ಸ್ಲ್ಯಾಬ್. ದಿನವಿಡೀ ಬಿಸಿಲುಂಡ ಕಾಂಕ್ರೀಟು ಆ ಶಾಖವನ್ನು ಕೋಣೆಯೊಳಕ್ಕೆ ಇಳಿಸುವುದು ಕತ್ತಲಾದ ಮೇಲೆ. ರಾತ್ರಿ ಹತ್ತಕ್ಕೆ ಅಂಗಳದಲ್ಲಿ ತಂಗಾಳಿ ಸುಳಿಯುತ್ತಿದ್ದರೂ ಒಳಗೆ ಮಂಚದ ಮೇಲೆ ನಿಂತು ಚಾವಣಿಗೆ ಅಂಗೈ ಹಚ್ಚಿದರೆ ಆಗಷ್ಟೇ ಒಲೆಯಿಂದ ಇಳಿಸಿದ ಹಂಚಿನ ನೆನಪಾಗುತ್ತದೆ. ಈ ಶಾಖಕ್ಕೆ ಇನ್ನರ್ಧ ಟನ್ ಉತ್ತರವಲ್ಲ. ಮಾಳಿಗೆಗೆ ಬಿಳಿ ಸುಣ್ಣವನ್ನೋ ಶಾಖ ತಡೆಯುವ ಬಿಳಿ ಬಣ್ಣವನ್ನೋ ಬಳಿದು ಆಮೇಲೆ ಎಸಿ ಅಂಗಡಿಗೆ ಹೋದರೆ ಸಣ್ಣ ಯಂತ್ರವೇ ಸಾಕಾಗುವ ಸಂಭವ ಹೆಚ್ಚು.

ಹಾಗಿದ್ದರೆ ಕೂಲರ್ ಏಕಾಗದು ಎಂದು ಕೇಳಬಹುದು. ಮಾರ್ಚ್-ಏಪ್ರಿಲ್‌ನ ಒಣಹವೆಯಲ್ಲಿ ಕೂಲರ್ ಚೆನ್ನಾಗಿಯೇ ಕೆಲಸ ಮಾಡುತ್ತದೆ, ಕಿಟಕಿ ತೆರೆದಿಡಬೇಕಷ್ಟೆ. ಅದರ ಹೊಟ್ಟೆಗೆ ದಿನಕ್ಕೆ ಮೂರ್ನಾಲ್ಕು ಕೊಡ ನೀರು ಬೇಕು, ಅದೂ ರಾಕಸಕೊಪ್ಪ ಜಲಾಶಯದ ಮಟ್ಟ ಇಳಿಯುತ್ತಿರುವ ದಿನಗಳಲ್ಲೇ. ನಳ ದಿನಾ ಬಾರದ ಓಣಿಗಳಲ್ಲಿ ಇದು ಸಣ್ಣ ಮಾತಲ್ಲ. ಮೇನಲ್ಲಿ ಗಾಳಿಗೆ ತೇವ ಏರಿದ ಮೇಲಂತೂ ಕೂಲರ್ ಸೆಕೆಯನ್ನು ಕಡಿಮೆ ಮಾಡುವ ಬದಲು ಅಂಟು ಹೆಚ್ಚಿಸುತ್ತದೆ. ಕಿಟಕಿ ಎಸಿ ಅಗ್ಗ, ಬಾಡಿಗೆ ಮನೆ ಬಿಡುವಾಗ ಕಿತ್ತೊಯ್ಯಲೂ ಸಲೀಸು, ಆದರೆ ಮನೆಮಾಲೀಕರು ಕಿಟಕಿಯ ಗ್ರಿಲ್ ಕತ್ತರಿಸಲು ಒಪ್ಪಬೇಕು. ಸೊಂಡಿಲಿನಂಥ ಒಂದೇ ಕೊಳವೆಯ, ಗಾಲಿ ಮೇಲೆ ಉರುಳುವ ಪೋರ್ಟಬಲ್ ಎಸಿಯ ಗೊಡವೆಯೇ ಬೇಡ. ತಾನು ತಣಿಸಿದ ಗಾಳಿಯನ್ನೇ ಹೊರಗೆಸೆದು, ಬಾಗಿಲ ಸಂದಿಯಿಂದ ಬಿಸಿಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ.

ಬೆಳಗಾವಿಯಿಂದ ತಾಸಿನೊಳಗೆ ತಲುಪುವ ಖಾನಾಪುರಕ್ಕೆ ಹೋದರೆ ಈ ಲೆಕ್ಕವೆಲ್ಲ ತಲೆಕೆಳಗು. ಇದು ಮಣ್ಣಿನ ಊರು. ಇಲ್ಲಿಯ ಜೇಡಿ ಹೆಂಚಿಗೂ ಇಟ್ಟಿಗೆಗೂ ಹೆಸರಾದದ್ದು, ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆಯೂ ಇಲ್ಲಿದೆ. ಹೆಂಚಿನ ಮನೆ ಉಸಿರಾಡುವ ಮನೆ, ಸೆಕೆ ಸಂದುಗಳಿಂದಲೇ ಮೇಲೇರಿ ಹೋಗುತ್ತದೆ. ಅಂಥ ಕೋಣೆಗೆ ನೇರವಾಗಿ ಎಸಿ ಕೂರಿಸಿದರೆ ಒಡಕು ಕೊಡಕ್ಕೆ ನೀರು ಸೇದಿದಂತೆ. ಎಸಿ ಬೇಕೇಬೇಕೆಂದರೆ ಒಂದು ಕೋಣೆಗಷ್ಟೇ ಒಳಚಾವಣಿ ಹಾಕಿಸಿ, ಸಂದು ಮುಚ್ಚಿಸಬೇಕು. ಆದರೂ ಇಲ್ಲಿಯ ನಿಜವಾದ ಶತ್ರು ಸೆಕೆಯಲ್ಲ, ತೇವ. ಮಲಪ್ರಭೆ ಹುಟ್ಟುವ ಕಣಕುಂಬಿಯ ಕಡೆಯಿಂದ ಮಳೆ ಹಿಡಿಯಿತೆಂದರೆ ಕಪಾಟಿನ ಚಪ್ಪಲಿ, ರೇಷ್ಮೆ ಸೀರೆ, ಪುಸ್ತಕದ ಬೆನ್ನು ಎಲ್ಲಕ್ಕೂ ಬೂಷ್ಟು. ಎಸಿಯ ಹುಟ್ಟಿಗೂ ಇಂಥ ತೇವವೇ ಕಾರಣ. 1902ರಲ್ಲಿ ವಿಲಿಸ್ ಕ್ಯಾರಿಯರ್ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಮುದ್ರಣಾಲಯವೊಂದಕ್ಕೆ ವಿನ್ಯಾಸಗೊಳಿಸಿದ ಯಂತ್ರದ ಕೆಲಸ ಗಾಳಿಯ ತೇವವನ್ನು ಹದದಲ್ಲಿಡುವುದು. ಕಾಗದ ಹಿಗ್ಗಿ ಕುಗ್ಗಿ, ಒಂದರ ಮೇಲೊಂದು ಬೀಳಬೇಕಾದ ಬಣ್ಣಗಳು ಅತ್ತಿತ್ತ ಸರಿಯುತ್ತಿದ್ದವು. ಆ ಅರ್ಥದಲ್ಲಿ ಖಾನಾಪುರದವರು ಈ ಯಂತ್ರದ ಮೂಲ ಗಿರಾಕಿಗಳು!

ಹಾಗಾಗಿ ಅಲ್ಲಿ ಕೊಳ್ಳುವವರು ಸ್ಟಾರ್‌ಗಿಂತ ಮೊದಲು ನೋಡಬೇಕಾದ್ದು ಡ್ರೈ ಮೋಡ್ ಹೇಗಿದೆ ಎಂಬುದನ್ನು. ಟನ್ ಹೆಚ್ಚಿಸುವುದಂತೂ ಅಲ್ಲಿ ದೊಡ್ಡ ತಪ್ಪು. ದೊಡ್ಡ ಯಂತ್ರ ಸಣ್ಣ ಕೋಣೆಯನ್ನು ಥಟ್ಟನೆ ತಣಿಸಿ ನಿಂತುಬಿಡುತ್ತದೆ. ತೇವ ಇಳಿಯಬೇಕಾದರೆ ಗಾಳಿ ತಣ್ಣನೆಯ ಕಾಯಿಲ್ ಮೇಲೆ ಬಹಳ ಹೊತ್ತು ಹಾಯಬೇಕು. ಮಳೆಗಾಲದಲ್ಲಿ ಕಾಡಿನೊಳಗಿಂದ ಬರುವ ತಂತಿಯ ಮೇಲೆ ಕೊಂಬೆ ಬಿದ್ದು ಕರೆಂಟು ಹೋಗಿ ಬಂದು ಮಾಡುವುದರಿಂದ ಇನ್ವರ್ಟರ್ ಎಸಿಯ ಸರ್ಕ್ಯೂಟ್ ಬೋರ್ಡಿಗೆ ಒಳ್ಳೆಯ ಸ್ಟೆಬಿಲೈಸರ್ ಬೇಕು. ಮೇ ತಿಂಗಳ ಸಿಡಿಲಿನ ಸಂಜೆಗಳಲ್ಲಿ ಎಂಸಿಬಿಯನ್ನೇ ಇಳಿಸಿಡುವುದು ಕ್ಷೇಮ. ಹೀಗೆ ಅಣಿಯಾದ ಕೋಣೆಯಲ್ಲಿ ಜುಲೈನ ಒಂದು ರಾತ್ರಿ ಬಾಗಿಲು ಹಾಕಿ ಡ್ರೈ ಮೋಡ್ ಹಚ್ಚಿ, ಹೊರಗೆ ಡ್ರೇನ್ ಪೈಪಿನ ಕೆಳಗೆ ಬಕೆಟ್ ಇಟ್ಟರೆ ಬೆಳಗಿಗೆ ಅದರಲ್ಲಿ ಲೀಟರ್‌ಗಟ್ಟಲೆ ನೀರು. ಅಷ್ಟೂ ನೀರು ಹಿಂದಿನ ಸಂಜೆಯವರೆಗೆ ಆ ಕೋಣೆಯ ಗಾಳಿಯಲ್ಲಿ, ಗಾದಿಯಲ್ಲಿ, ಮಡಿಸಿಟ್ಟ ಬಟ್ಟೆಗಳಲ್ಲಿ ಇತ್ತು.